ಒದೆಯದ ಕೋವಿ

ಮೊನ್ನೆ ಅಂಗಡೀಲಿ ತಗಡಿನ ಆಟದ ಕೋವಿ ನೇತಾಡ್ತಿತ್ತು. ನನ್ನ ಕೈ ತಾನಾಗೇ ಹೋಗಿ ಹಣೆ ಮುಟ್ಕೊಳ್ತು. ಕಾರಣ ಹೇಳಿಬಿಡ್ತೇನೆ, ನಗೋದಾದ್ರೆ ಈಗಲೇ ನಕ್ಕುಬಿಡಿ. ಆಟದ ಕೋವಿಯಿಂದ ಪೆಟ್ಟು ತಿಂದ ಗಂಡಸು ಇಡೀ ಕೊಡಗಿನಲ್ಲಿ ನಾನೊಬ್ಬನೇ.

ನಮ್ಮ ಕೊಡಗು ಮೈಸೂರಿಗೆ ಸೇರಿದ ಹೊಸತು. ಮಡಿಕೇರಿಗೆ ಒಂದು ಪ್ರದರ್ಶನ ಬಂದಿತ್ತು, ಅದರಲ್ಲೊಂದು ಕರೆಂಟಿನ ಬೇಟೆ ಪೆಟ್ಟಿಗೆ. ನಾಲ್ಕಾಣೆ ಹಾಕಿದ್ರೆ ಗಾಜಿನೊಳಗೆ ತಗಡಿನ ಹಂದಿಗಳು ಓಡ್ತಾವೆ. ಎದುರಿಗೆ ಸಿಕ್ಕಿಸಿಟ್ಟ ಕೋವಿಯಿಂದ ಹೊಡೀಬೇಕು, ತಾಗಿದ್ರೆ ಹಂದಿಯ ಕಣ್ಣು ಕೆಂಪಗೆ ಹೊತ್ತಿ ಗಂಟೆ ಬಾರಿಸ್ತದೆ. ನೋಡಿ ಬಂದವರೆಲ್ಲ ಥೇಟ್ ಕಾಡೇ ಅಂದ್ರು. ನಾನು ಒಂದು ವಾರ ಅನ್ನದ ತಟ್ಟೇಲೂ ಹಂದಿ ಹೊಡೆದೆ.

ಜೊತೆಗೆ ಸೋದರಮಾವನನ್ನ ಎಳ್ಕೊಂಡು ಹೋದೆ. ಗಾಳಿಬೀಡಿನ ಸುತ್ತಿನ ಊರುಗಳಲ್ಲಿ ಮಾವನ ಗುರಿ ಅಂದ್ರೆ ಗುರಿ. ಕೋವಿಗಳಿಗೆ ಪೂಜೆ ಮಾಡೋ ಕೈಲ್ ಮುಹೂರ್ತದ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ ಅವರ ಮೊದಲ ಗುಂಡಿಗೇ ಹೋಳಾಗ್ತಿತ್ತು. ಆಮೇಲೊಮ್ಮೆ ಕರಿಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಬಲಭುಜ ಮುರ್ಕೊಂಡ್ರು. ಕೂಡಿದ ಮೂಳೆ ಗುಂಡು ಹಾರುವಾಗ ಕೋವಿ ಭುಜಕ್ಕೆ ಕೊಡೋ ಒದೆ ತಡೆಯಲ್ಲ, ಇನ್ನು ಮುಟ್ಬೇಡಿ ಅಂದ್ರು ಡಾಕ್ಟ್ರು. ಅಲ್ಲಿಂದ ಮೂರು ವರ್ಷ, ಎಲ್ಲಾದ್ರೂ ಗುಂಡಿನ ಸದ್ದು ಕೇಳಿದ್ರೆ ಮಾವ ಸುಮ್ನೆ ಎದ್ದು ಕಾಫಿ ತೋಟದೊಳಗೆ ಹೋಗ್ಬಿಡೋರು. ಅತ್ತೆ ಬಾಗಿಲಲ್ಲಿ ನಿಂತು ನೋಡೋರು, ಕರೆಯೋ ಧೈರ್ಯ ಮಾಡ್ತಿರಲಿಲ್ಲ. ಇಂಥವರನ್ನ ನಾನು ಕರ್ಕೊಂಡು ಹೋದದ್ದು ನನ್ನ ಪ್ರತಾಪ ತೋರಿಸೋಕೆ. ತಲೇಲಿ ಎಷ್ಟು ಬುದ್ಧಿ ಇತ್ತು, ನೀವೇ ಹೇಳಿ.

ಟವಲ್ ಮಡಚಿ ಭುಜಕ್ಕಿಟ್ಕೊಂಡೆ. ಎಡಗಾಲು ಮುಂದೆ ಊರಿ, ಉಸಿರು ಬಿಗಿಹಿಡಿದು, ಒದೆ ತಡೆಯೋಕೆ ಇಡೀ ಮೈ ಮುಂದಕ್ಕೆ ವಾಲಿಸಿ ಟ್ರಿಗರ್ ಒತ್ತಿದೆ. ಟಿಕ್ ಅಂತು, ಅಷ್ಟೇ. ಒದೆ ಬರಲಿಲ್ಲ, ಮೈ ಮಾತ್ರ ಹೊರಟಾಗಿತ್ತು. ಹಣೆ ಹೋಗಿ ಗಾಜಿಗೆ ಬಡೀತು. ಹಂದಿಗಳು ಒಳಗೆ ಆರಾಮಾಗಿ ಓಡ್ತಾ ಇದ್ದವು.

ಹಣೆ ಉಜ್ಕೊಳ್ತಾ ಆಟದವನ ಮೇಲೆ ಎಗರಾಡಿದೆ. ಹೊಗೆ ಇಲ್ಲ, ಮದ್ದಿನ ವಾಸನೆ ಇಲ್ಲ, ಒದೆಯೋದೂ ಇಲ್ಲ, ಇದೆಂಥ ಕೋವಿ, ಕಾಸು ವಾಪಸ್ ಕೊಡು ಅಂದೆ.

ಹಿಂದಿನಿಂದ ಮಾವ ಮೆತ್ತಗೆ ಕೇಳಿದ್ರು, "ಒದೆಯೋದೇ ಇಲ್ವಾ?"

"ಇಲ್ಲ ಮಾವ, ಬರೀ ಮೋಸ."

ಕೈಲಿದ್ದ ಚೀಲ ನನಗೆ ಕೊಟ್ಟು ಅವರು ಮುಂದೆ ಹೋದ್ರು. ಬಲಗೈ ಮೇಲೇಳೋಕೆ ಒಂದಿಷ್ಟು ಹೊತ್ತೇ ಹಿಡೀತು, ಆಟದವನು ಪಾಪ ಕಾದ. ಆಮೇಲೆ ಕೋವಿಯ ಹಿಡಿಗೆ ಕೆನ್ನೆ ಒತ್ತಿ ನಿಂತರು ನೋಡಿ, ಆ ನಿಲುವನ್ನ ನಾನು ಮೂರು ವರ್ಷದಿಂದ ಕಂಡಿರಲಿಲ್ಲ. ಮೊದಲನೇದು ತಪ್ಪಿತು, ಎರಡನೇದೂ ತಪ್ಪಿತು. ಆಮೇಲೆ ಗಂಟೆ ಬಾರಿಸ್ತು. ಮತ್ತೆ ಬಾರಿಸ್ತು. ಜನ ಸೇರಿದ್ರು. ಅದೇ ಪೆಟ್ಟಿಗೆ, ಅದೇ ತಗಡು. ನಾನು ಕಾಡನ್ನೇ ತಲೇಲಿಟ್ಕೊಂಡು ಹೋಗಿದ್ದೆ, ಮಾವ ಬರೀ ಚೀಲ ಹಿಡ್ಕೊಂಡು ಬಂದಿದ್ರು.

ವಾಪಸ್ ಬರುವಾಗ ಬಸ್ಸಲ್ಲಿ, ಎಷ್ಟಂದ್ರೂ ಅದು ನಿಜವಾದ ಹಂದಿ ಅಲ್ವಲ್ಲ ಅಂತ ಗೊಣಗಿದೆ. ಹೊಟ್ಟೆಕಿಚ್ಚು, ಮತ್ತೇನು.

ಮಾವ ಕಿಟಕಿ ಆಚೆ ನೋಡ್ತಾನೇ ಹೇಳಿದ್ರು, "ತಗಡು ಅಂತ ನಂಗೂ ಗೊತ್ತು ಮಾರಾಯ. ಆದ್ರೆ ಗುರಿ ಇನ್ನೂ ಇದೆಯಲ್ಲ. ಭುಜದ ಜೊತೆ ಅದೂ ಹೋಯ್ತು ಅಂದ್ಕೊಂಡಿದ್ದೆ."