ಯಾರ ಕೈ ರೊಟ್ಟಿ

ಗಂಡ ಸತ್ತ ಮರುವರ್ಷ ನಾನು ಹುಮನಾಬಾದ್ ಬಸ್ ನಿಲ್ದಾಣದ ಎದುರು ಜೋಳದ ರೊಟ್ಟಿ ಮಾರಲು ಕೂತೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬರಬರುತ್ತ ಬುಟ್ಟಿ ಹೋಗಿ ಅಂಗಡಿ ಆಯಿತು. ಜನ ಹೊಗಳತೊಡಗಿದರು. ಹೊಗಳಿಕೆ ಕಿವಿಗೆ ಚಲೋ. ಒಲೆಗೆ ಹಾಕಿದರೆ ಉರಿಯುವುದಿಲ್ಲ.

ನಮ್ಮೂರು ಘಾಟಬೋರಾಳದ ಹೊರಗಿನ ಓಣಿಯವಳೊಬ್ಬಳು ನನಗಿಂತ ಮೊದಲೇ ಅಲ್ಲಿ ಬುಟ್ಟಿ ಇಟ್ಟಿದ್ದಳು. ಅವಳೂ ಗಂಡ ಸತ್ತವಳೇ. ನನಗಿಂತ ತೆಳ್ಳಗೆ ಬಡಿಯುತ್ತಿದ್ದಳು. ಆದರೆ ನಮ್ಮ ಕಡೆ ರೊಟ್ಟಿ ಕೊಳ್ಳುವವರು ರೊಟ್ಟಿಗಿಂತ ಮೊದಲು ಕೈ ನೋಡುತ್ತಾರೆ. “ಯಾವ ಊರಾಕಿ? ಯಾವ ಓಣಿ?” ನನ್ನ ಕೊರಳಿನ ಲಿಂಗ ಕಂಡವರು ನನ್ನನ್ನು ಕೇಳುತ್ತಲೇ ಇರಲಿಲ್ಲ. ಅವಳು ಓಣಿ ಹೇಳಿದರೆ ಎತ್ತಿದ ರೊಟ್ಟಿ ಬುಟ್ಟಿಗೆ ವಾಪಸು ಬೀಳುತ್ತಿತ್ತು. ಒಂದು ಬೇಸಿಗೆ ಕೂತು ನೋಡಿ, ಬುಟ್ಟಿ ಮಗುಚಿಟ್ಟು ಹೊಲದ ಕೂಲಿಗೆ ಹೋದಳು.

ಮುಂದೆ ಶಾಲೆಗಳಲ್ಲಿ ಬಿಸಿಯೂಟ ಬಂತು. ಅವಳು ಊರ ಶಾಲೆಯಲ್ಲಿ ಅಡುಗೆ ಕೆಲಸ ಕೇಳಿದಳು. ಊರವರು ನೋಡೋಣ, ನೋಡೋಣ ಎನ್ನುತ್ತ ದಿನ ತಳ್ಳಿದರು. ಅಷ್ಟರಲ್ಲಿ ಬಸವಕಲ್ಯಾಣದಲ್ಲಿ ಮಹಿಳಾ ಸಂಘಗಳ ಸಭೆ. ಜಿಲ್ಲೆಯ ಬಿಸಿಯೂಟ ನೋಡಿಕೊಳ್ಳುವ ಮೇಡಂ ಕೈಯಿಂದ ನನಗೆ ಶಾಲು ಹೊದಿಸಿ, ನಾನು ಮೇಲೆ ಬಂದ ಕಥೆ ಹೇಳಿಸುವುದಿತ್ತು. ಮೇಡಮ್ಮಿಗೆ ಕೆಲಸದ ಮಾತು ಹೇಳಲು ಅವಳೂ ನನ್ನ ಜೊತೆ ಬಂದಳು.

ಬಾಗಿಲಲ್ಲೇ ನಮ್ಮೂರ ಶಾಲೆ ಸಮಿತಿಯ ಯಜಮಾನ ಅವಳನ್ನು ತಡೆದ.

“ನೌಕರಿ ನೌಕರಿ ಅಂತ ಯಾಕ ಬೆನ್ನ ಹತ್ತಿದಿ? ಈ ಅವ್ವನ್ನ ನೋಡು, ಯಾರ ಮುಂದರ ಕೈ ಒಡ್ಡ್ಯಾಳೇನು? ನೀನೂ ಒಂದು ಬುಟ್ಟಿ ತಗೊಂಡು ಕುಂದ್ರು.”

“ಕುಂತಿದ್ದೆರಿ ಸಾಹುಕಾರ್ರ,” ಎಂದಳು. “ನೀವೇ ಓಣಿ ಕೇಳಿ ರೊಟ್ಟಿ ಇಟ್ಟು ಹೋದ್ರಿ.”

ಸುತ್ತಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ನನಗೆ ನಗು ಬರಲಿಲ್ಲ. ನಾನು ದುಡಿದದ್ದು ನಿಜ, ಆದರೆ ಆ ದುಡಿಮೆಯನ್ನೇ ಕೋಲು ಮಾಡಿ ಅವಳ ಬೆನ್ನಿಗೆ ಹೊಡೆಯುತ್ತಿದ್ದರು.

ಅವಳು ಒಳಗೆ ಬಂದು ಹೆಂಗಸರ ನಡುವೆ ಕೂತಳು. ನನ್ನನ್ನು ವೇದಿಕೆಗೆ ಕರೆದರು. ಮೇಡಂ ಕಿವಿಯಲ್ಲಿ ಹೇಳಿಕೊಟ್ಟರು: “ಕಷ್ಟಪಟ್ಟರೆ ಯಾರಾದ್ರೂ ಮುಂದೆ ಬರಬಹುದು ಅಂತ ಹೇಳಿ, ಅಮ್ಮಾ.”

ಮೈಕಿನಲ್ಲೇ ಅಂದೆ, “ಅದು ಸುಳ್ಳು ಅದರಿ. ಕಷ್ಟ ನಾವಿಬ್ಬರೂ ಪಟ್ಟೀವಿ. ನನ್ನ ರೊಟ್ಟಿ ಮಂದಿ ತಿಂದರು, ಈಕಿದು ಮುಟ್ಟಲಿಲ್ಲ. ನನ್ನ ಕಥಿ ಹೇಳಿ ಈಕಿ ಬಾಯಿ ಮುಚ್ಚಸಬ್ಯಾಡ್ರಿ. ಅಡಗಿ ಕೆಲಸ ಕೊಡ್ತೀರೋ ಇಲ್ಲೋ?”

“ಇದು ಸನ್ಮಾನ ಅಮ್ಮಾ. ಆ ಮಾತು ಆಮೇಲೆ.”

“ಶಾಲು ಆಮ್ಯಾಲ ಹೊದಸ್ರಿ. ಕಾಲು ಗಟ್ಟಿ ಅವ, ನಿಂತಿರ್ತೀನಿ.”

ನಿಂತೆ. ಅವಳೂ ಎದ್ದು ಮುಂದೆ ಬಂದು ನಿಂತಳು. ಮೇಡಂ ಯಜಮಾನನ ಮುಖ ನೋಡಿದರು. ಅಷ್ಟು ಜನರ ಎದುರು ಅವನು ಹೂಂ ಎಂದು ತಲೆ ಆಡಿಸಿದ. ಶಾಲೆಯ ರಜೆ ಮುಗಿದ ಮೇಲೆ ಇವಳೇ ಒಲೆ ಹೊತ್ತಿಸಲಿ ಎಂದು ಮೇಡಂ ಅಲ್ಲೇ ಹೇಳಿದರು.

ಹೊತ್ತಿಸಿದಳು. ಅರ್ಧ ಮಕ್ಕಳು ಮನೆಯಿಂದ ಬುತ್ತಿ ತಂದಿದ್ದರು. ಅಂಗಡಿ ಮುಚ್ಚಿ ಹೋದ ನಾನು ಮಕ್ಕಳ ಸಾಲಿನಲ್ಲೇ ಕೂತೆ. ಅವಳು ಅನ್ನ ಸಾರು ಬಡಿಸಿ ನಿಂತಳು.

“ಹ್ಯಾಂಗ ಅದ ಯಕ್ಕಾ?”

“ಉಪ್ಪು ಕಡಿಮಿ.”

ಕಡಿಮೆಯೇ ಇತ್ತು. ಮರುದಿನ ಸರಿಯಾಯಿತು. ಬುತ್ತಿಗಳು ಮಾತ್ರ ಅಷ್ಟೇ ಇದ್ದವು. ಅದರ ಮರುದಿನವೂ ಹೋದೆ.