ಅಕ್ಕ ನುಂಗಿದ ಹೊಸ ಮಾತ್ರೆ

ಮೊನ್ನೆ ಬೆಂಗಳೂರಿನ ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅಕ್ಕನ ಸೆರಗಿನಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂತು. ಇದರಲ್ಲೇನು ವಿಶೇಷ ಅನ್ನುತ್ತೀರಿ. ನನಗೆ ಮಾತ್ರ ಕಣ್ಣು ತುಂಬಿತು.

ನಮ್ಮ ಸಾದಲಿ ಕಡೆ ಹುಳುಮನೆಯ ಮಡಿ ದೇವರಮನೆಗೂ ಇಲ್ಲ. ಬೀಡಿ, ಪೌಡರು, ಔಷಧಿ, ಯಾವ ವಾಸನೆ ಮೆತ್ತಿಕೊಂಡವರೂ ರೇಷ್ಮೆಹುಳುಗಳ ಹತ್ತಿರ ಸುಳಿಯುವಂತಿಲ್ಲ. ಹೊಸದಾಗಿ ಮೇಷ್ಟ್ರಾದ ಗತ್ತಿನಲ್ಲಿ ಸೆಂಟು ಪೂಸಿಕೊಂಡು ಒಳಗೆ ಹೋದ ನಾನು, ಅಕ್ಕ ಪೊರಕೆ ಎತ್ತಿದ್ದು ಕಂಡು ಓಡಿಬಂದಿದ್ದೆ.

ಅಂಥ ಅಕ್ಕನಿಗೆ ಕೆಲವು ವರ್ಷಗಳ ಹಿಂದೆ ರಕ್ತದ ಕ್ಯಾನ್ಸರ್ ಬಂತು. ಇದ್ದ ಔಷಧಿಗಳೆಲ್ಲ ಸೋತವು. ಆಗ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, ಇನ್ನೂ ಪರೀಕ್ಷೆಯಲ್ಲಿರುವ ಮಾತ್ರೆಯೊಂದರ ಮಾತೆತ್ತಿದರು. ಜೀವಕೋಶದೊಳಗೆ ಆರ್‌ಎನ್‌ಎ ಎಂಬ ಎಳೆಯನ್ನು ಕತ್ತರಿಸಿ, ತಿದ್ದಿ, ಕೆಲಸಕ್ಕೆ ಅಣಿಮಾಡುವ ಕಿಣ್ವಗಳಿವೆಯಂತೆ. ಕಾಯಿಲೆಯ ಕೋಶ ಅಂಥದೊಂದು ಕಿಣ್ವವನ್ನೇ ನೆಚ್ಚಿಕೊಂಡು ಬೆಳೆಯುತ್ತದಂತೆ. ಈ ಮಾತ್ರೆ ಅದರ ಕೈ ಕಟ್ಟಿಹಾಕುತ್ತದಂತೆ. ಕನ್ನಡ ಮೇಷ್ಟ್ರಾದ ನಾನು ಬೆವರು ಸುರಿಸಿ ಇಷ್ಟನ್ನು ಅಕ್ಕನಿಗೆ ತಿಳಿಸಿದೆ.

“ಗುಣ ಆಗೇ ಆಗ್ತದೆ ಅಂತ ಮಾತು ಕೊಡೋಕಾಗಲ್ಲಮ್ಮ,” ಅಂದರು ಡಾಕ್ಟರಮ್ಮ.

“ನಂಗೆ ಆಗ್ದಿದ್ರೂ, ಯಾಕಾಗ್ಲಿಲ್ಲ ಅಂತ ನಿಮ್ಗೆ ತಿಳೀತದಲ್ಲ? ಕೊಡಿ, ನುಂಗ್ತೀನಿ,” ಅಂದಳು ಅಕ್ಕ.

ಅಬ್ಬಾ, ಎಂಥ ಎದೆಗಾರಿಕೆ!

ಊರಿಗೆ ಬಂದವಳು ಹುಳುಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟಳು. ಔಷಧಿ ತನ್ನ ಬೆವರಿನಿಂದ ಹುಳುಗಳಿಗೆ ತಾಗೀತೆಂಬ ಭಯ. ಅಂಗಳದಲ್ಲೇ ಕೂತು ಸೊಸೆಗೆ ಕೂಗುವಳು: “ಸೊಪ್ಪು ತೇವ ಇದ್ಯಾ ನೋಡೇ!” ಕೈ ತೊಳೆದು ಹೋದರೆ ಏನೂ ಆಗದು ಎಂದು ಡಾಕ್ಟರಮ್ಮ ಹೇಳಿದ್ದನ್ನು ನೆನಪಿಸಿದರೆ ನನ್ನ ಮೇಲೇ ರೇಗಿದಳು.

“ಬಾಯಿಲ್ಲದ ಜೀವ ಕಣೋ ಅವು. ನಾನು ಒಪ್ಕೊಂಡು ನುಂಗ್ತಿದೀನಿ. ಅವನ್ನ ಯಾರಪ್ಪ ಕೇಳಿದ್ರು?”

ಮೇಷ್ಟ್ರು ಎದ್ದು ಸೊಪ್ಪಿನ ಬುಟ್ಟಿ ಹೊತ್ತರು.

ನಿಧಾನವಾಗಿ ರಕ್ತ ಹಾದಿಗೆ ಬಂತು. ಕಾಯಿಲೆ ಈಗ ಕಾಣುತ್ತಿಲ್ಲ, ತಪಾಸಣೆಗೆ ಮಾತ್ರ ಬರುತ್ತಿರಿ ಎಂದು ಡಾಕ್ಟರಮ್ಮ ಮಾತ್ರೆ ನಿಲ್ಲಿಸಿದರು. ಆಮೇಲೂ ಒಂದು ರೇಷ್ಮೆ ಬೆಳೆ ಕಳೆಯಲಿ ಎಂದು ಕಾದೇ ಹುಳುಮನೆಯೊಳಗೆ ಕಾಲಿಟ್ಟಳು ಮಹರಾಯ್ತಿ.

ಮೊನ್ನೆ ಅದೇ ಬೆಂಚಿನ ತುದಿಯಲ್ಲಿ ಮಂಡಿಕಲ್ ಕಡೆಯ ಹೆಂಗಸೊಬ್ಬಳು ಅಳುತ್ತಿದ್ದಳು. ಅವಳಿಗೂ ಅದೇ ಮಾತ್ರೆ ಹೇಳಿದ್ದರು. ಹೂಂ ಅನ್ನಲು ಧೈರ್ಯವಿಲ್ಲ. ಅಕ್ಕ ಜರುಗಿ ಅವಳ ಪಕ್ಕ ಕೂತಳು.

“ಬೇಡ ಅನ್ಸಿದ್ರೆ ಬೇಡ ಅನ್ನಮ್ಮ, ಯಾರೂ ಬೈಯಲ್ಲ. ಆದ್ರೆ ಒಬ್ಳೇ ಅನ್ಕೋಬೇಡ. ನಿನಗಿಂತ ಮುಂಚೆ ನಾನು ನುಂಗಿದೀನಿ. ಬೇಕಾದ್ರೆ ಮುಟ್ಟಿ ನೋಡು.”

ಆಕೆ ಅಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಲೇ ಇಲ್ಲ.

“ಯಾರ್ರೀ ಅವ್ರು, ಡಾಕ್ಟ್ರಾ?” ಎಂದು ಪಕ್ಕದವರು ಕೇಳಿದರು.

“ನಮ್ಮಕ್ಕ,” ಅಂದೆ, ಇಡೀ ವರಾಂಡಕ್ಕೆ ಕೇಳುವಂತೆ.