ಅಗಸಿಯ ಮುಂದೆ ಸ್ಟ್ಯಾಂಡ್ ಕ್ಯಾಮೆರಾ

"ನಿಮ್ಮ ಹಂತೇಕ ಇರೂದ್ರಾಗ ಎಲ್ಲಾಕ್ಕಿಂತ ದೊಡ್ಡ ಕ್ಯಾಮೆರಾ ಯಾವದ್ರಿ?"

ವಿಜಾಪುರದ ಜೋರಾಪುರ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಕೂತ ನನಗೆ ಮದುವೆ ಗಿರಾಕಿಗಳು ಕೇಳದ ಪ್ರಶ್ನೆಯಿಲ್ಲ. ಕಪ್ಪಗಿರುವ ಹುಡುಗಿ ಬೆಳ್ಳಗೆ ಬರುತ್ತಾಳೆಯೇ? ಮದುಮಗನ ಉಬ್ಬಿದ ಹಲ್ಲು ಕಾಣದ ಹಾಗೆ ತೆಗೆಯುತ್ತೀರಾ? ತೀರಿಹೋದ ಅಜ್ಜನನ್ನು ಗ್ರೂಪ್ ಫೋಟೋದಲ್ಲಿ ಕೂಡಿಸಲು ಬರುತ್ತದೆಯೇ? (ಬರುತ್ತದೆ. ಕತ್ತರಿ, ಅಂಟು, ಸ್ವಲ್ಪ ಧೈರ್ಯ ಬೇಕು.) ಆದರೆ ಕ್ಯಾಮೆರಾದ ಗಾತ್ರ ಕೇಳಿದವರು ಈ ಲಕ್ಕಪ್ಪ ಮಾಸ್ತರರೇ ಮೊದಲಿಗರು.

ಮಾಸ್ತರರು ಟಿಕೋಟಾದಿಂದ ಆಚೆ ಒಂದು ಹಳ್ಳಿಯವರು. (ಹಳ್ಳಿಯ ಹೆಸರು ಬೇಡ. ಯಾಕೆಂಬುದು ಮುಂದೆ ನಿಮಗೇ ತಿಳಿಯುತ್ತದೆ.) ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಇಸ್ತ್ರಿ ಮಾಡಿದ ಶರ್ಟು, ಕಿಸೆಯಲ್ಲಿ ಪೆನ್ನು, ತಗ್ಗಿದ ದನಿ. ತಂಗಿ ಚಂದ್ರವ್ವನ ಮದುವೆ. ಹುಡುಗ ಬಬಲೇಶ್ವರದವನು, ಅಂಚೆ ಇಲಾಖೆಯಲ್ಲಿ ನೌಕರಿ.

ನಾನು ರೂಢಿಯ ಭಾಷಣ ಶುರು ಮಾಡಿದೆ. ದೊಡ್ಡ ಕ್ಯಾಮೆರಾ ಎಂದರೆ ನಮ್ಮಪ್ಪನ ಕಾಲದ ಕಟ್ಟಿಗೆಯ ಸ್ಟ್ಯಾಂಡ್ ಕ್ಯಾಮೆರಾ. ಮೂರು ಕಾಲು, ಹಿತ್ತಾಳೆಯ ಲೆನ್ಸ್, ತಲೆಯ ಮೇಲೆ ಹೊದ್ದುಕೊಳ್ಳಲು ಕರಿ ಬಟ್ಟೆ. ಒಂದು ಫೋಟೋಕ್ಕೆ ಒಂದು ಗಾಜಿನ ಪ್ಲೇಟು. ಅದನ್ನು ನಿಲ್ಲಿಸಿ ಫೋಕಸ್ ಮಾಡುವಷ್ಟರಲ್ಲಿ ಅಕ್ಕಿಕಾಳು ಬಿದ್ದು, ಜನ ಊಟಕ್ಕೆ ಕೂತಿರುತ್ತಾರೆ. ಮದುವೆಗೆ ಬೇಕಾದದ್ದು ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ. ಹಂದರದೊಳಗೆ ಜಾಗ ಕಡಿಮೆ, ಅದಕ್ಕೆ ಅಗಲ ನೋಟದ ಲೆನ್ಸ್. ಗದ್ದಲದ ಆಚೆಯಿಂದ ಮದುಮಗಳ ಮುಖ ಹಿಡಿಯಲು ಉದ್ದ ಲೆನ್ಸ್. ಪರದೇಶದ ಮಾಲು ಬರುವುದು ಕಡಿಮೆಯಾದ ಮೇಲೆ ಇಂಥ ಲೆನ್ಸ್ ಸಿಗುವುದೇ ಕಷ್ಟ. ನಾನು ಸೊಲ್ಲಾಪುರದಲ್ಲಿ ಅಲೆದು ಸೆಕೆಂಡ್ ಹ್ಯಾಂಡ್ ಒಂದನ್ನು ಹಿಡಿದು ತಂದಿದ್ದೆ. ಕಪಾಟಿನಿಂದ ತೆಗೆದು, ಒರೆಸಿ, ಹೆಮ್ಮೆಯಿಂದ ಮಾಸ್ತರರ ಮುಂದಿಟ್ಟೆ.

ಅವರು ಅದರತ್ತ ನೋಡಲೂ ಇಲ್ಲ.

"ಫೋಟೋ ಹ್ಯಾಂಗ ಬರ್ತಾವ ಅನ್ನೂದು ಆಮ್ಯಾಲಿನ ಮಾತ್ರಿ. ಕ್ಯಾಮೆರಾ ದೂರಿಂದ ಕಾಣಬೇಕು."

"ಮಾಸ್ತರ, ಮದಿಮಗಳು ಕಾಣಬೇಕೋ, ಕ್ಯಾಮೆರಾ ಕಾಣಬೇಕೋ?" ನಾನು ನಕ್ಕೆ.

"ಕ್ಯಾಮೆರಾ ಕಾಣಬೇಕ್ರಿ." ಅವರು ನಗಲಿಲ್ಲ.

ಆಮೇಲೆ ವಿಷಯ ಹೊರಬಿತ್ತು. ಮಾಸ್ತರರ ಕೇರಿಯವರು ಬೌದ್ಧ ಧರ್ಮಕ್ಕೆ ಬಂದವರು. ಆ ಕೇರಿಯ ಮದುಮಗ ಬ್ಯಾಂಡು ಬಾರಿಸಿಕೊಂಡು ಅಗಸಿಯಿಂದ, ಅಂದರೆ ಊರ ಹೆಬ್ಬಾಗಿಲಿನಿಂದ, ಒಳಗೆ ಬರುವ ರೂಢಿ ಇಲ್ಲ. ಹಿಂದಿನ ಹೊಲದ ಕಾಲುದಾರಿಯಲ್ಲಿ ಸದ್ದಿಲ್ಲದೆ ಬರಬೇಕು. ಹೋದ ವರ್ಷ ಒಬ್ಬ ಹುಡುಗ ಅಗಸಿಯಿಂದ ಬರಲು ನೋಡಿದ.

"ಬಾರಸೂ ಹಲಗಿ ಹರದ್ರು. ಮದಿಮಗನ ಹಣಿ ಒಡೀತು. ಕಲ್ಲ ಯಾರು ಒಗದ್ರು ಅಂತ ಕೇಳಿದ್ರ, ಯಾರೂ ನೋಡಿಲ್ಲ. ಊರಿಗೂರ ಅಲ್ಲೇ ನಿಂತಿತ್ರಿ. ಯಾರೂ ನೋಡಿಲ್ಲ." ಮಾಸ್ತರರು ಮುಂದುವರಿಸಿದರು, "ಅದಕ್ಕ ನೋಡೂದು ಒಂದ ಬೇಕಾಗೈತ್ರಿ."

"ಪೊಲೀಸ್ರಿಗೆ ಹೇಳೀರೇನ್ರಿ?"

"ಹೇಳೀನ್ರಿ. ಗಲಾಟಿ ಆದ್ರ ಬಾ ಅಂದಾರ."

ಮದುವೆಯಲ್ಲಿ ನೀವು ನಾವು ಯಾವುದಕ್ಕೆ ಹೆದರುತ್ತೇವೆ? ಅಡಿಗೆ ಕಡಿಮೆ ಬಿದ್ದೀತು. ಬೀಗರು ಮುನಿಸಿಕೊಂಡಾರು. ಅಕಾಲದಲ್ಲಿ ಮಳೆ ಬಂದೀತು. ನನ್ನಂಥವನಿಗೆ ಇನ್ನೊಂದು, ರೀಲಿಗೆ ಬೆಳಕು ಹೊಕ್ಕೀತು. ಇಷ್ಟೇ ಅಲ್ಲವೇ? ಈ ಮನುಷ್ಯ ಮಾತ್ರ ತಂಗಿಯ ಗಂಡನಾಗುವವನ ಹಣೆಗಾಗಿ ಹೆದರುತ್ತಿದ್ದರು. ಆ ಹೆದರಿಕೆ ಕೌಂಟರ್ ದಾಟಿ ನನ್ನ ಕಡೆಗೂ ಬಂತು. ಆದರೂ ಹೂಂ ಅಂದೆ. ಹೇಗೆ ಅಂದೆನೋ ಗೊತ್ತಿಲ್ಲ. ಇಲ್ಲ ಎನ್ನಲು ಒಂದು ಕಾರಣ ಬೇಕಾಗುತ್ತದೆ. ಮುಖ ನೋಡಿಕೊಂಡು ಹೇಳುವಂಥ ಕಾರಣ ಹೊಳೆಯಲಿಲ್ಲ.

ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಕಲ್ಲಿಗೆ ಫೋಟೋದಾಂವ ಯಾರು, ಬೀಗರ ಯಾರು ಅಂತ ಗೊತ್ತಾಗತೈತೇನ್ರಿ?"

ಅವಳೇ ದಾರಿ ಹುಡುಕಿದಳು. "ಹೋಗೂದಾದ್ರ ಆ ಉದ್ದನ್ ಲೆನ್ಸ್ ತಗೊಂಡ ಹೋಗ್ರಿ. ದೂರ ನಿಂತ ತಗೀರಿ."

ಲೆನ್ಸಿನ ಬಗ್ಗೆ ಇಷ್ಟು ಸರಿಯಾದ ಸಲಹೆಯನ್ನು ನಾನು ಯಾವ ಫೋಟೋಗ್ರಾಫರನಿಂದಲೂ ಕೇಳಿಲ್ಲ. ಉದ್ದ ಲೆನ್ಸ್ ಇರುವುದೇ ಅದಕ್ಕಲ್ಲವೇ? ಮುಖ ಹತ್ತಿರ ಬರಬೇಕು, ನಾವು ದೂರ ಇರಬೇಕು. ಚೀಲದಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ಇಟ್ಟುಕೊಂಡೆ.

ಮದುವೆಯ ದಿನ ಟಿಕೋಟಾಕ್ಕೆ ಹೋಗುವ ಬಸ್ಸಿನ ಟಾಪಿನ ಮೇಲೆ ಸ್ಟ್ಯಾಂಡ್ ಕ್ಯಾಮೆರಾ ಏರಿತು. "ಯಾವೂರ ಲಗ್ನರಿ?" ಎಂದು ಪಕ್ಕದವರು ಕೇಳಿದರು. ನಾನು ಬೇರೆ ಊರಿನ ಹೆಸರು ಹೇಳಿದೆ. ಕೇಳಿದವರು ತೊರವಿ ಊರಿನ, ಸಂತನಂಥ ಒಬ್ಬ ಮುದುಕರು, ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದರು. ಅವರಿಗೇಕೆ ಹೆದರಿದೆ? ಹೆದರಿಕೆಗೆ ಆಳು ಗುರುತು ಇರುವುದಿಲ್ಲ ನೋಡಿ.

ಟಿಕೋಟಾದಿಂದ ಎತ್ತಿನ ಚಕ್ಕಡಿ. ಕೇರಿಯಲ್ಲಿ ಮಾಸ್ತರರ ತಾಯಿ ನಿಂಗವ್ವ ಚಹಾ ಕೊಟ್ಟಳು. ಸಣ್ಣ ದೇಹ, ದೊಡ್ಡ ಕಣ್ಣು. ಕ್ಯಾಮೆರಾದ ಸುತ್ತ ಒಂದು ಸುತ್ತು ಹಾಕಿ ಬಂದಳು.

"ಇದು ಎಲ್ಲಾ ನೋಡತೈತೇನ್ ಯಪ್ಪಾ?"

"ಮುಂದ ಇದ್ದದ್ದೆಲ್ಲಾ ನೋಡತೈತಿ ಬೇ."

"ಹಿಂದಿಂದು?"

"ಹಿಂದಿಂದು ಕಾಣೂದಿಲ್ಲ."

ಹೇಳಿ, ನಾನೇ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಅಗಸಿಯಿಂದ ಸ್ವಲ್ಪ ದೂರದಲ್ಲಿ ಎತ್ತರದ ಕಟ್ಟೆಯೊಂದಿತ್ತು. ಅದರ ಮೇಲೊಂದು ಬೇವಿನ ಮರ. ನಾನು ಮಾಸ್ತರರನ್ನು ಪಕ್ಕಕ್ಕೆ ಕರೆದು, ಅಲ್ಲಿ ನಿಂತರೆ ಉದ್ದ ಲೆನ್ಸಿನಲ್ಲಿ ಇಡೀ ಮೆರವಣಿಗೆ ಸೊಗಸಾಗಿ ಬರುತ್ತದೆ ಎಂದೆ. ನೆರಳಿದೆ, ಬೆಳಕಿನ ಕೋನ ಸರಿಯಿದೆ, ಏನೇನೋ ಹೇಳಿದೆ.

"ಅಲ್ಲಿ ನಿಂತ್ರ ನೀವು ಯಾರಿಗೂ ಕಾಣೂದಿಲ್ಲಲ್ರಿ," ಎಂದರು ಮಾಸ್ತರರು. ಅಷ್ಟೇ. ಒತ್ತಾಯ ಮಾಡಲಿಲ್ಲ.

ಉದ್ದ ಲೆನ್ಸನ್ನು ಚೀಲಕ್ಕೆ ಹಾಕಿದೆ. ಧೈರ್ಯ ಬಂತೆಂದಲ್ಲ. ನಿಂಗವ್ವ ನನ್ನನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಬಲೇಶ್ವರದ ಬೀಗರ ಟ್ರಕ್ಕು ಬಂದು ಅಗಸಿಯ ಹೊರಗೆ ನಿಂತಿತು, ಕೇರಿಯವರು ಹೋಗಿ ಎದುರುಗೊಂಡರು. ಮದುಮಗ ಬಿಳಿ ಶರ್ಟು, ಹೊಸ ಬೂಟು ಹಾಕಿಕೊಂಡು ಇಳಿದ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಕರವಸ್ತ್ರದಿಂದ ಕೊರಳು ಒರೆಸಿಕೊಳ್ಳುತ್ತಲೇ ಇದ್ದ. ಬ್ಯಾಂಡಿನವರು ಬಾರಿಸತೊಡಗಿದರು. ನಾನು ಕ್ಯಾಮೆರಾ ಹೆಗಲ ಮೇಲೆ ಹೊತ್ತು ಎಲ್ಲರಿಗಿಂತ ಮುಂದೆ ನಡೆದೆ.

ಅಗಸಿಯ ಎರಡೂ ಕಡೆ ಜನ ನಿಂತಿದ್ದರು. ಬಡಿಗೆಗಳಿದ್ದವು. ಗೋಡೆಯ ಬುಡದಲ್ಲಿ ಕಲ್ಲಿನ ಗುಡ್ಡೆ ಇತ್ತು. ಮನೆ ಕಟ್ಟುವುದಕ್ಕೆ ತಂದ ಕಲ್ಲುಗಳಲ್ಲ ಅವು, ಕೈಗೆ ಒಪ್ಪುವಷ್ಟು ಸಣ್ಣವು. ಯಾರೂ ಮಾತಾಡಲಿಲ್ಲ. ಬ್ಯಾಂಡು ತಾನಾಗಿಯೇ ನಿಂತಿತು. ನಮ್ಮವರು ನಿಂತರು. ಬೈಗುಳವಿದ್ದರೆ ಬೇಕಾಗಿತ್ತು ಅನಿಸುವಂಥ ಮೌನ ಅದು.

ನಾನು ದಾರಿಯ ನಡುವೆ ಸ್ಟ್ಯಾಂಡ್ ಊರಿದೆ. ಒಂದು ಕಾಲು ನಿಲ್ಲಲೊಲ್ಲದು. ನೆಲ ಸರಿಯಿಲ್ಲವೋ, ಕೈ ಸರಿಯಿಲ್ಲವೋ! ಕೊನೆಗೆ ನಿಂತಿತು. ಕರಿ ಬಟ್ಟೆ ತಲೆಯ ಮೇಲೆ ಎಳೆದುಕೊಂಡೆ.

ಸ್ಟ್ಯಾಂಡ್ ಕ್ಯಾಮೆರಾದೊಳಗೆ ನೀವು ಎಂದಾದರೂ ನೋಡಿದ್ದೀರಾ? ಹಿಂದಿನ ಗಾಜಿನ ಮೇಲೆ ಲೋಕ ತಲೆಕೆಳಗಾಗಿ ಕಾಣುತ್ತದೆ. ಇಷ್ಟು ವರ್ಷ ನೋಡಿ ನನಗೆ ರೂಢಿ. ಆದರೆ ಅವತ್ತು ಆ ಜನ ಬಾವಲಿಗಳ ಹಾಗೆ ಮೇಲಿನಿಂದ ನೇತಾಡುತ್ತಿದ್ದರು. ಒಳಗೆ ಸೆಕೆ. ನನ್ನ ಉಸಿರು ನನಗೇ ಕೇಳುತ್ತಿತ್ತು. ಕಿವಿಗೆ ಹೊರಗಿನ ಸದ್ದು ಬರುವುದಿಲ್ಲ, ಕಣ್ಣಿಗೆ ಪಕ್ಕದ್ದು ಕಾಣುವುದಿಲ್ಲ. ಕಲ್ಲು ಎಡದಿಂದ ಬಂದೀತೋ, ಬಲದಿಂದಲೋ? ನನ್ನ ಕುತ್ತಿಗೆ ಅದಕ್ಕಾಗಿ ಕಾಯುತ್ತಿತ್ತು. ಗಾಜಿನ ಮೇಲೆ ಒಬ್ಬ ಹಳದಿ ರುಮಾಲಿನವನು ಬಾಗಿ ಗುಡ್ಡೆಯಿಂದ ಕಲ್ಲೊಂದನ್ನು ತೆಗೆದುಕೊಂಡ. ಅಲ್ಲಿ ಅವನ ಕೈ ಮೇಲಕ್ಕೆ ಹೋದಂತೆ ಕಂಡಿತು.

ಬಟ್ಟೆಯಿಂದ ತಲೆ ಹೊರಗೆ ತೆಗೆದೆ. ಏನಾದರೂ ಹೇಳಬೇಕು. ಬಾಯಿಗೆ ಬಂದದ್ದು ನಾನು ಪ್ರತಿ ಮದುವೆಯಲ್ಲೂ ಹೇಳುವ ಮಾತು.

"ಎಲ್ಲಾರೂ ಇತ್ತಾಗ ನೋಡ್ರಿ! ಹಂಗ ನಿಲ್ರಿ. ಅಳಗ್ಯಾಡಬ್ಯಾಡ್ರಿ!"

ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. ಹೇಳಿ, ಲೆನ್ಸಿಗೆ ಮುಚ್ಚಳ ಹಾಕಿ, ಪ್ಲೇಟು ಇಟ್ಟೆ. ಹಿತ್ತಾಳೆಯ ಲೆನ್ಸು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮುಚ್ಚಳದ ಮೇಲೆ ಕೈಯಿಟ್ಟೆ.

"ಏ, ಆ ಡಬ್ಬಿ ಒಡೀರಲೇ!" ಗುಂಪಿನ ಹಿಂದಿನಿಂದ ಯಾರೋ ಕೂಗಿದರು. ಒಂದು ಕಲ್ಲು ಬಂತು. ನನ್ನ ಕಾಲಿನ ಪಕ್ಕ ಬಿದ್ದು ಮಣ್ಣು ಹಾರಿತು. ಮುಂದಿನದು ತಲೆಗೆ ಎಂದುಕೊಂಡೆ. ಹೆಂಡತಿಯ ಮಾತು ನೆನಪಾಯಿತು.

ಮುಂದಿನದು ಬರಲಿಲ್ಲ. ಬಂದದ್ದು ಇನ್ನೊಂದು ದನಿ, ಅವರೊಳಗಿನದೇ.

"ಲೇ, ಸುಮ್ಮನಿರಲೇ! ಫೋಟೋದಾಗ ಬರ್ತಿ!"

ಆಮೇಲೆ ನಡೆದದ್ದನ್ನು ನಾನು ಸಾಯುವತನಕ ಮರೆಯಲಾರೆ. ಮುಂದೆ ನಿಂತಿದ್ದ ಮುದುಕ ಹೆಗಲ ಮೇಲಿನ ಟವೆಲ್ ಎಳೆದು ಮುಖಕ್ಕೆ ಮುಚ್ಚಿಕೊಂಡ. ಅವನ ಪಕ್ಕದವನು ಗೋಡೆಯ ಕಡೆ ತಿರುಗಿದ. ಇನ್ನೊಬ್ಬ ತಿರುಗಿದ. ಹಳದಿ ರುಮಾಲಿನವನು ಕಲ್ಲನ್ನು ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿದ. ಆಮೇಲೆ ಅವನೂ ತಿರುಗಿದಾಗ ಕಲ್ಲು ಕ್ಯಾಮೆರಾಕ್ಕೇ ಕಾಣುವಂತಾಗಿ, ಅದನ್ನು ಹೊಟ್ಟೆಯ ಕಡೆಗೆ ತಂದುಕೊಂಡ. ಇಡೀ ಅಗಸಿ ನನಗೆ ಬೆನ್ನು ಮಾಡಿ ನಿಂತಿತು.

ಮಾಸ್ತರರು ಬ್ಯಾಂಡಿನವರಿಗೆ ಸನ್ನೆ ಮಾಡಿದರು. ಬ್ಯಾಂಡು ತಾಳ ತಪ್ಪಿ ಶುರುವಾಯಿತು. ಮೆರವಣಿಗೆ ಆ ಬೆನ್ನುಗಳ ನಡುವೆ ನಡೆಯಿತು. ಕುಣಿತವಿಲ್ಲ, ನಗುವಿಲ್ಲ. ಹೆಂಗಸರು ಮಕ್ಕಳ ತಲೆಯ ಮೇಲೆ ಸೆರಗು ಹೊದಿಸಿ ಅಪ್ಪಿಕೊಂಡು ನಡೆದರು. ಮದುಮಗ ತನ್ನ ಬೂಟನ್ನೇ ನೋಡುತ್ತ ನಡೆದ. ನಿಂಗವ್ವ ಒಬ್ಬಳೇ ತಲೆಯೆತ್ತಿ ಎಡಬಲ ನೋಡುತ್ತ ಹೋದಳು. ನಾನು ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚಿದೆ. ಕೊನೆಯ ಮನುಷ್ಯ ದಾಟುವವರೆಗೆ ಅಲ್ಲೇ ನಿಂತೆ. ಓಡಿಹೋಗಲು ಕಾಲು ಬರಲಿಲ್ಲ ಎಂದರೂ ನಡೆದೀತು.

ಹಂದರದಲ್ಲಿ ಬುದ್ಧನ ಪಟದ ಮುಂದೆ ಮದುವೆಯಾಯಿತು. ಚಂದ್ರವ್ವ ಬಿಳಿ ಸೀರೆ ಉಟ್ಟಿದ್ದಳು. ಸಣ್ಣ ಕ್ಯಾಮೆರಾಕ್ಕೆ ಅಗಲ ಲೆನ್ಸ್ ಹಾಕಿ ಎಲ್ಲರನ್ನೂ ತೆಗೆದೆ. ಯಾವ ಫೋಟೋವೂ ಪೂರ್ತಿ ಸ್ಪಷ್ಟವಾಗಿಲ್ಲ. ಸಂಜೆಯ ಬಸ್ಸಿಗೆ ವಿಜಾಪುರ ಸೇರಿದೆ. ಹೆಂಡತಿ ನನ್ನ ತಲೆಯನ್ನು ಎರಡೂ ಕೈಯಿಂದ ತಡವಿ ನೋಡಿದಳು.

ಪ್ಲೇಟು ತೊಳೆದಾಗ ಬೆನ್ನುಗಳು ಚೆನ್ನಾಗಿ ಬಂದಿದ್ದವು. ಅಲುಗಾಡದೆ ನಿಂತವರಲ್ಲವೇ? ಅಂಗಿಯ ಹೊಲಿಗೆ ಕೂಡ ಎಣಿಸಬಹುದು. ನಡೆಯುತ್ತಿದ್ದ ಮದುಮಗ ಮಾತ್ರ ಬಿಳಿ ಹೊಗೆಯ ಹಾಗೆ ಕಾಣುತ್ತಾನೆ.

ಮೊನ್ನೆ ಶನಿವಾರ ಫೋಟೋ ಒಯ್ಯಲು ಮಾಸ್ತರರು ಬಂದರು. ಜೊತೆಗೆ ನಿಂಗವ್ವ. ನಾನು ಹುರುಪಿನಿಂದ, "ಮಾಸ್ತರ, ಗೆದ್ರಿ ಬಿಡ್ರಿ!" ಎಂದೆ. (ನಾವೆಲ್ಲ ಹಾಗೆಯೇ. ಬಸ್ ಹತ್ತಿ ಮನೆಗೆ ಬಂದ ಮೇಲೆ ಗೆಲುವಿನ ಮಾತಾಡುತ್ತೇವೆ.)

ಮಾಸ್ತರರು ಫೋಟೋಗಳನ್ನು ಒಂದೊಂದಾಗಿ ನೋಡಿದರು.

"ಚಂದ್ರವ್ವ ಬಬಲೇಶ್ವರದಾಗ ಆರಾಮ ಅದಾಳ್ರಿ. ಅಷ್ಟ ಸಾಕು."

"ಊರಾಗ?"

"ನಮ್ಮ ಕೇರಿಯವರನ್ನ ಯಾರೂ ಕೆಲಸಕ್ಕ ಕರ್ಯಾಕತ್ತಿಲ್ರಿ. ಹೆಣ್ಮಕ್ಕಳು ಜೋಳ ತಗೊಂಡ ಹೋದ್ರ ಗಿರಣಿ ಬಂದ್ ಮಾಡ್ತಾರ. ಮೊನ್ನಿ ನನ್ನ ತಮ್ಮಗ ಹೇಳ್ಯಾರ, ಕ್ಯಾಮೆರಾ ದಿನಾ ಇರೂದಿಲ್ಲ, ನೋಡಕೋತೀವಿ ಅಂತ." ಅವರ ದನಿ ಮೊದಲಿಗಿಂತ ತಗ್ಗಿತ್ತು. "ಕತ್ತಲಾದ್ರ ಮಕ್ಕಳನ್ನ ಹೊರಗ ಬಿಡೂದಿಲ್ರಿ ನಾವು."

ನನ್ನ ಹೆದರಿಕೆ ಒಂದು ಮಧ್ಯಾಹ್ನದ್ದು. ಅದನ್ನು ಕರಿ ಬಟ್ಟೆಯ ಜೊತೆ ಮಡಚಿ ವಿಜಾಪುರಕ್ಕೆ ತಂದುಬಿಟ್ಟಿದ್ದೆ. ಅವರದನ್ನು ಅವರು ಎಲ್ಲಿಗೆ ಒಯ್ಯಬೇಕು?

ನಿಂಗವ್ವ ಫೋಟೋಗಳ ಕಡೆ ನೋಡಲೇ ಇಲ್ಲ. ಮೂಲೆಯಲ್ಲಿ ನಿಂತಿದ್ದ ಸ್ಟ್ಯಾಂಡ್ ಕ್ಯಾಮೆರಾದ ಹತ್ತಿರ ಹೋಗಿ, ಎತ್ತಿನ ಬೆನ್ನು ಸವರುವ ಹಾಗೆ ಅದನ್ನು ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಯಪ್ಪಾ, ಇದನ್ನ ನಮ್ಮೂರಾಗ ಇಟ್ಟ ಬರಾಕ ಆಗೂದಿಲ್ಲೇನು? ನಮ್ಮ ಮನಿ ಮುಂದ ನಿಂತಿರ್ಲಿ. ಫೋಟೋ ತಗೀದಿದ್ದರೂ ನಡೀತೈತಿ."

ಕ್ಯಾಮೆರಾ ಕೊಡಬಹುದು. ಅದರ ಹಿಂದೆ ದಿನಾ ನಿಲ್ಲುವವರು ಯಾರು?